ಇದಕ್ಕಿಂತ ಅದು ಮೇಲು: ಇಂಗ್ಲಿಷಿನಲ್ಲಿ ಒಲವನ್ನು ಹೇಳುವ ಕ್ರಮ

ಎರಡು ವಸ್ತುಗಳನ್ನು ಮುಂದಿಟ್ಟು ‘ಇವುಗಳಲ್ಲಿ ನಿಮಗೆ ಯಾವುದು ಬೇಕು?’ ಎಂದು ಕೇಳಿದರೆ ಉತ್ತರ ಹೇಳುವುದು ಯಾರಿಗೂ ಕಷ್ಟವಲ್ಲ. ‘ಕಾಫಿಗಿಂತ ಚಹಾ ನನಗೆ ಇಷ್ಟ’ ಎಂಬ ಮಾತನ್ನು ಹಾನಗಲ್ಲಿನ ಐದು ವರ್ಷದ ಮಗುವೂ ತಪ್ಪಿಲ್ಲದೆ ಆಡಬಲ್ಲದು. ಆದರೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಾಗ ಪದವಿ ತರಗತಿಯಲ್ಲಿ ಕುಳಿತವರೂ ತಡವರಿಸುವುದುಂಟು. ‘ಐ ಪ್ರಿಫರ್ ಟೀ ದ್ಯಾನ್ ಕಾಫಿ’ ಎಂದು ಹತ್ತರಲ್ಲಿ ಹಲವರು ಬರೆಯುತ್ತಾರೆ. ಅದು ತಪ್ಪೆಂದು ಗುರುಗಳು ಕೆಂಪು ಗೆರೆ ಎಳೆಯುತ್ತಾರೆ. ಏಕೆ ತಪ್ಪೆಂದು ಕೇಳಿದರೆ ‘ಇಂಗ್ಲಿಷಿನಲ್ಲಿ ಹಾಗೆಯೇ’ ಎಂಬ ಉತ್ತರ ದೊರೆಯುತ್ತದೆ.

ಇಂಥ ಉತ್ತರದಿಂದ ನಮಗೆ ಸಮಾಧಾನವಾಗಬಾರದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಮೊದಲಾದ ಕಡೆಗಳಲ್ಲಿ ಬಹುಮಂದಿ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಯಲು ಕಾಲೇಜಿಗೆ ಬರುತ್ತಾರೆ. ಅರ್ಜಿಯಲ್ಲಿಯೂ ಸಂದರ್ಶನದಲ್ಲಿಯೂ ಅವರಿಗೆ ಮೊದಲು ಎದುರಾಗುವ ಪ್ರಶ್ನೆಗಳೆಂದರೆ ‘ನಿಮಗೆ ಯಾವ ವಿಷಯ ಬೇಕು? ಯಾವ ಊರು ಬೇಕು?’ ಎಂಬವು. ಅಲ್ಲಿ ನಾಲಗೆ ತೊಡರಿದರೆ ‘ನನಗೆ ಇಂಗ್ಲಿಷ್ ಬಾರದು’ ಎಂಬ ಅಳುಕು ಮನಸ್ಸಿನಲ್ಲಿ ನೆಲೆಯೂರುತ್ತದೆ. ತಪ್ಪಿನ ಕಾರಣವನ್ನು ತಿಳಿದರೆ ಆ ಅಳುಕಿಗೆ ಎಡೆಯಿರುವುದಿಲ್ಲ.

ವಿಜ್ಞಾನದ ಪತ್ರಿಕೆಯಲ್ಲಿ ವ್ಯಾಕರಣವೇಕೆ ಎಂದು ವಾಚಕರು ಕೇಳಬಹುದು. ಎರಡನ್ನು ಹೋಲಿಸಿ ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಇಡುವುದೇ ಎಲ್ಲ ಅಳತೆಗಳ ಮೊದಲ ಮೆಟ್ಟಿಲು. ಭಾಷೆಯು ಆ ಕೆಲಸವನ್ನು ಹೇಗೆ ಮಾಡುತ್ತದೆಂದು ನೋಡುವುದು ನಮ್ಮ ಕ್ಷೇತ್ರಕ್ಕೆ ಹೊರಗಿನದಲ್ಲ.

ರಾಗಿಯೂ ಅಕ್ಕಿಯೂ

ಶಿಗ್ಗಾವಿ ತಾಲ್ಲೂಕಿನ ಬಾಡ ಗ್ರಾಮವು ಕನಕದಾಸರ ಹುಟ್ಟೂರು. ಹದಿನಾರನೆಯ ಶತಮಾನದ ಈ ಸಂತಕವಿಯು ರಚಿಸಿದ ‘ರಾಮಧಾನ್ಯಚರಿತೆ’ಯ ಕಥೆಯು ಒಂದು ಹೋಲಿಕೆಯ ಕಥೆಯೇ ಆಗಿದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಹುಟ್ಟಿ ರಾಗಿಗೂ ಅಕ್ಕಿಗೂ ವಾದ ಬೆಳೆಯುತ್ತದೆ. ಶ್ರೀರಾಮನು ಮಾತಿನಿಂದ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಅಕ್ಕಿಯು ಕಳೆಗುಂದಿರುತ್ತದೆ. ರಾಗಿಯು ಕೆಡದೆ ಉಳಿದಿರುತ್ತದೆ. ಆಗ ರಾಮನು ರಾಗಿಯನ್ನು ಮನ್ನಿಸುತ್ತಾನೆ.

ಭೌತವಿಜ್ಞಾನಿಯ ಕಣ್ಣಿಗೆ ಇದೊಂದು ಪ್ರಯೋಗ. ಎರಡು ವಸ್ತುಗಳನ್ನು ಒಂದೇ ಪರಿಸ್ಥಿತಿಗೆ ಒಳಪಡಿಸಿ ಯಾವುದು ಮುಂದು, ಯಾವುದು ಹಿಂದು ಎಂದು ನಿರ್ಣಯಿಸಿದ್ದಾಯಿತು. ಎಷ್ಟು ಮುಂದು ಎಂಬುದು ಇಲ್ಲಿ ತಿಳಿಯುವುದಿಲ್ಲ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿಯು ರಚಿಸಿದ ಕಾಠಿಣ್ಯದ ಶ್ರೇಣಿಯೂ ಇಂಥದೇ. ಯಾವ ಖನಿಜವು ಯಾವುದರ ಮೇಲೆ ಗೀರು ಎಳೆಯಬಲ್ಲದೆಂದು ನೋಡಿ, ಮೆತುವಾದ ಟಾಲ್ಕಿಗೆ 1, ವಜ್ರಕ್ಕೆ 10 ಎಂದು ಆತನು ಸ್ಥಾನಗಳನ್ನು ಕೊಟ್ಟನು. ಒಂಬತ್ತನೆಯ ಸ್ಥಾನದ ಕುರುಂದಕ್ಕೂ ಹತ್ತನೆಯ ಸ್ಥಾನದ ವಜ್ರಕ್ಕೂ ಸಂಖ್ಯೆಯಲ್ಲಿ ಒಂದೇ ಅಂತರ. ಆದರೆ ನಿಜವಾಗಿ ಅಳೆದು ನೋಡಿದರೆ ವಜ್ರವು ಸುಮಾರು ನಾಲ್ಕು ಪಟ್ಟು ಗಟ್ಟಿ. ಶ್ರೇಣಿಯು ಕ್ರಮವನ್ನು ತಿಳಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ.

ನಮ್ಮ ಒಲವಿನ ಮಾತೂ ಹೀಗೆಯೇ. ‘ಅಕ್ಕಿಗಿಂತ ರಾಗಿ ಇಷ್ಟ’ ಎಂದಾಗ ನಾವು ಎರಡು ಸ್ಥಾನಗಳನ್ನು ಹೇಳುತ್ತೇವೆ. ಮುಂದಿನ ಸ್ಥಾನದಲ್ಲಿ ಯಾವುದು, ಹಿಂದಿನ ಸ್ಥಾನದಲ್ಲಿ ಯಾವುದು ಎಂಬುದು ಕೇಳಿದವರಿಗೆ ಸಂದೇಹವಿಲ್ಲದೆ ತಿಳಿಯಬೇಕು. ಇದಕ್ಕಾಗಿ ಅನೇಕ ಭಾಷೆಗಳು ಹಿಂದಿನ ಸ್ಥಾನದ ವಸ್ತುವಿಗೆ ಏನಾದರೊಂದು ಗುರುತನ್ನು ಹಚ್ಚುತ್ತವೆ.

ಒಂದು ಗುರುತು, ಎರಡು ಗುರುತು

ಕನ್ನಡದ ಗುರುತು ‘ಗಿಂತ’. ಇದನ್ನು ಬಿಡಿಸಿ ನೋಡಿದರೆ ಚತುರ್ಥೀ ವಿಭಕ್ತಿಯ ‘ಗೆ’ ಮತ್ತು ‘ಇಂತ’ ಎಂಬ ಎರಡು ತುಂಡುಗಳು ದೊರೆಯುತ್ತವೆ. ಅಕ್ಕಿಗೆ, ಅಕ್ಕಿಗಿಂತ, ಮರಕ್ಕೆ, ಮರಕ್ಕಿಂತ, ನಡೆಯುವುದಕ್ಕೆ, ನಡೆಯುವುದಕ್ಕಿಂತ. ಇದರ ಜೊತೆಗೆ ಬರುವ ಗುಣವಾಚಕವು ಬದಲಾಗುವುದೇ ಇಲ್ಲ. ‘ಭೀಮ ದೊಡ್ಡವನು’ ಎಂಬಲ್ಲಿಯೂ ‘ಭೀಮ ರಾಮನಿಗಿಂತ ದೊಡ್ಡವನು’ ಎಂಬಲ್ಲಿಯೂ ‘ದೊಡ್ಡವನು’ ಒಂದೇ. ಗಾತ್ರವಿರಲಿ, ವಯಸ್ಸಿರಲಿ, ಮನಸ್ಸಿನ ಒಲವಿರಲಿ, ‘ಗಿಂತ’ ಒಂದರಿಂದಲೇ ಕೆಲಸ ಸಾಗುತ್ತದೆ. ಈ ಅಚ್ಚುಕಟ್ಟು ಕನ್ನಡದ ಸೊಗಸು.

ಇಂಗ್ಲಿಷಿನಲ್ಲಿ ಇದೇ ಕೆಲಸಕ್ಕೆ ‘ದ್ಯಾನ್’ ಮತ್ತು ‘ಟು’ ಎಂಬ ಎರಡು ಗುರುತುಗಳಿವೆ. ನಮ್ಮ ವಿದ್ಯಾರ್ಥಿಯು ‘ಬಿಗ್ಗರ್ ದ್ಯಾನ್’ ಎಂಬುದನ್ನು ಮೊದಲು ಕಲಿತು, ‘ಗಿಂತ’ ಎಂದರೆ ‘ದ್ಯಾನ್’ ಎಂದು ಮನಸ್ಸಿನಲ್ಲಿ ಸಮೀಕರಣ ಬರೆದುಕೊಳ್ಳುತ್ತಾನೆ. ಬಳಿಕ ‘ಪ್ರಿಫರ್’ ಬಂದಾಗ ಅದೇ ಸಮೀಕರಣವನ್ನು ಹಾಕುತ್ತಾನೆ. ಈ ತಪ್ಪು ದಡ್ಡತನದಿಂದ ಹುಟ್ಟಿದುದಲ್ಲ. ತಾಯಿನುಡಿಯ ಕ್ರಮಬದ್ಧತೆಯನ್ನು ಪರನುಡಿಯಲ್ಲಿಯೂ ನಿರೀಕ್ಷಿಸಿದುದರ ಫಲ.

‘ಪ್ರಿಫರ್’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ಪ್ರೇ’ ಎಂದರೆ ಮುಂದೆ, ‘ಫೆರ್ರೆ’ ಎಂದರೆ ಹೊರುವುದು, ಒಯ್ಯುವುದು. ಒಂದನ್ನು ಇನ್ನೊಂದರ ಮುಂದಕ್ಕೆ ಒಯ್ದಿಡುವುದೇ ಇದರ ಮೂಲಾರ್ಥ. ಯಾವುದರ ಮುಂದೆ ಇಟ್ಟೆವೋ ಅದಕ್ಕೆ ಲ್ಯಾಟಿನಿನಲ್ಲಿ ಚತುರ್ಥೀ ವಿಭಕ್ತಿ ಬರುತ್ತಿತ್ತು. ಆ ವಿಭಕ್ತಿಯ ಕೆಲಸವನ್ನು ಇಂಗ್ಲಿಷಿನಲ್ಲಿ ‘ಟು’ ಮಾಡುತ್ತದೆ. ಆದುದರಿಂದ ‘ಐ ಪ್ರಿಫರ್ ಟೀ ಟು ಕಾಫಿ’ ಎಂಬುದು ಸರಿಯಾದ ರೂಪ.

ಇಲ್ಲಿ ಕನ್ನಡಿಗನಿಗೆ ಒಂದು ಅನುಕೂಲವಿದೆ. ಕನ್ನಡದ ಚತುರ್ಥಿಯ ಪ್ರತ್ಯಯ ‘ಗೆ’. ಅದು ‘ಗಿಂತ’ದ ಒಳಗೇ ಅಡಗಿದೆ. ‘ಕಾಫಿಗಿಂತ’ ಎಂಬುದರಿಂದ ‘ಇಂತ’ವನ್ನು ಕಳಚಿದರೆ ‘ಕಾಫಿಗೆ’ ಉಳಿಯುತ್ತದೆ. ಅದೇ ‘ಟು ಕಾಫಿ’. ‘ಪ್ರಿಫರ್’ ಬಂದಲ್ಲಿ ‘ಇಂತ’ವನ್ನು ಬಿಟ್ಟು ‘ಗೆ’ಯನ್ನು ಹಿಡಿಯಿರಿ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಬಹುದು.

ಈ ಉಪಾಯವು ಇನ್ನೂ ಕೆಲವು ಶಬ್ದಗಳಿಗೆ ಸಲ್ಲುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಎಂಬವೂ ಲ್ಯಾಟಿನಿನಿಂದ ಬಂದವು. ಹೋಲಿಕೆಯ ಅರ್ಥವನ್ನು ಒಡಲಲ್ಲೇ ಹೊತ್ತವು. ‘ಅವರು ನನಗಿಂತ ಸೀನಿಯರ್’ ಎಂಬುದು ‘ಹೀ ಈಸ್ ಸೀನಿಯರ್ ಟು ಮೀ’ ಎಂದಾಗಬೇಕು. ‘ಪ್ರಿಫರಬಲ್’ ಎಂಬುದಕ್ಕೂ ‘ಟು’ವೇ ಜೊತೆ.

ಮೊದಲು, ಮುಂದೆ, ಮೇಲೆ

ಹಾಗಾದರೆ ‘ದ್ಯಾನ್’ ಎಲ್ಲಿ ಬರುತ್ತದೆ? ಇಂಗ್ಲಿಷಿನ ಸ್ವಂತ ರೀತಿಯ ಹೋಲಿಕೆಯಲ್ಲಿ ಗುಣವಾಚಕದ ರೂಪವೇ ಬದಲಾಗುತ್ತದೆ: ಬಿಗ್ ಇದ್ದುದು ಬಿಗ್ಗರ್, ಸೂನ್ ಇದ್ದುದು ಸೂನರ್. ಬೆಟರ್, ಮೋರ್, ಲೆಸ್ ಎಂಬವೂ ಇದೇ ಗುಂಪಿನವು. ಇಂಥ ಶಬ್ದ ಬಂದಲ್ಲಿ ‘ದ್ಯಾನ್’ ಬರುತ್ತದೆ. ‘ಐ ಲೈಕ್ ಟೀ ಬೆಟರ್ ದ್ಯಾನ್ ಕಾಫಿ’ ಎಂಬುದು ನಿರ್ದುಷ್ಟವಾದ ವಾಕ್ಯ.

ಒಲವನ್ನು ಹೇಳುವ ಮತ್ತೊಂದು ಶಬ್ದ ‘ರಾದರ್’. ಹಳೆಯ ಇಂಗ್ಲಿಷಿನಲ್ಲಿ ‘ಬೇಗನೆ’ ಎಂಬ ಅರ್ಥದ ಒಂದು ಶಬ್ದವಿದ್ದಿತು; ಅದರ ಹೋಲಿಕೆಯ ರೂಪವೇ ಇದು. ‘ಹೆಚ್ಚು ಬೇಗನೆ’ ಎಂಬ ಅರ್ಥವು ಕಾಲಕ್ರಮದಲ್ಲಿ ‘ಹೆಚ್ಚು ಇಷ್ಟದಿಂದ’ ಎಂದಾಯಿತು. ಮೂಲದಲ್ಲಿ ‘ಬಿಗ್ಗರ್’ ಕುಲಕ್ಕೇ ಸೇರಿದುದರಿಂದ ಇದಕ್ಕೆ ‘ದ್ಯಾನ್’ ಒಪ್ಪುತ್ತದೆ: ‘ಐ ವುಡ್ ರಾದರ್ ವಾಕ್ ದ್ಯಾನ್ ವೇಟ್’, ಎಂದರೆ ಕಾಯುವುದಕ್ಕಿಂತ ನಡೆದು ಹೋಗುವುದೇ ನನಗೆ ವಾಸಿ.

‘ಪ್ರಿಫರ್’ ಎಂಬುದರ ಕೊನೆಯಲ್ಲಿಯೂ ‘ಅರ್’ ಕೇಳಿಸುತ್ತದೆಯಲ್ಲ, ಅದೂ ‘ಬಿಗ್ಗರ್’ ಕುಲದ್ದಲ್ಲವೆ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಅಲ್ಲ. ಅಲ್ಲಿಯ ‘ಫರ್’ ಹೊರುವುದೆಂಬ ಧಾತುವಿನ ಭಾಗ, ಹೋಲಿಕೆಯ ಪ್ರತ್ಯಯವಲ್ಲ. ಮುಂದಿಡುವ ಅರ್ಥ ಅದರಲ್ಲಿ ಆಗಲೇ ಇರುವುದರಿಂದ ‘ಮೋರ್ ಪ್ರಿಫರ್’ ಎನ್ನುವಂತೆಯೂ ಇಲ್ಲ. ಒಲವು ಬಲವಾದುದೆಂದು ಹೇಳಲೇಬೇಕಾದರೆ ‘ಐ ಮಚ್ ಪ್ರಿಫರ್ ಟೀ ಟು ಕಾಫಿ’ ಎನ್ನಬಹುದು.

ಈ ಶಬ್ದಗಳನ್ನು ಒಟ್ಟಿಗೆ ನೋಡಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಒಲವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಹೇಳಲು ಭಾಷೆಗಳು ಕಾಣುವ ಅಳತೆಗಳ ನೆರವನ್ನು ಪಡೆಯುತ್ತವೆ. ಲ್ಯಾಟಿನ್ ಅದನ್ನು ಸ್ಥಳದಲ್ಲಿ ಮುಂದಿಟ್ಟಿತು. ಹಳೆಯ ಇಂಗ್ಲಿಷ್ ಅದನ್ನು ಕಾಲದಲ್ಲಿ ಮೊದಲಾಗಿಸಿತು. ‘ಇದಕ್ಕಿಂತ ಅದು ಮೇಲು’ ಎನ್ನುವ ಕನ್ನಡ ಅದನ್ನು ಎತ್ತರದಲ್ಲಿ ಏರಿಸಿತು. ಉಷ್ಣತೆಯನ್ನು ಪಾದರಸದ ಎತ್ತರದಿಂದ ಅಳೆಯುವ ನಮಗೆ ಇದು ಪರಿಚಿತವಾದ ಯುಕ್ತಿಯೇ.

ಕ್ರಿಯೆಗಳನ್ನು ಹೋಲಿಸುವಾಗ

ವಸ್ತುಗಳ ಬದಲು ಕೆಲಸಗಳನ್ನು ಹೋಲಿಸಬೇಕಾದಾಗ ಮೂರು ಮಾರ್ಗಗಳಿವೆ.

ಮೊದಲನೆಯದರಲ್ಲಿ ಎರಡು ಕ್ರಿಯೆಗಳನ್ನೂ ‘ಇಂಗ್’ ಸೇರಿಸಿ ನಾಮಪದಗಳನ್ನಾಗಿ ಮಾಡಿ ನಡುವೆ ‘ಟು’ ಇಡಬೇಕು: ‘ಐ ಪ್ರಿಫರ್ ವಾಕಿಂಗ್ ಟು ಸೈಕ್ಲಿಂಗ್’. ಎರಡನೆಯದರಲ್ಲಿ ಕ್ರಿಯೆಯನ್ನು ‘ಟು ವಾಕ್’ ಎಂಬ ರೂಪದಲ್ಲಿ ಇಡಬಹುದು. ಆದರೆ ಆಗ ಹೋಲಿಕೆಗೆ ಮತ್ತೊಂದು ‘ಟು’ ತಂದರೆ ಎರಡು ‘ಟು’ಗಳು ಒಂದರ ಮೇಲೊಂದು ಬಿದ್ದು ಕಿವಿಗೂ ಬುದ್ಧಿಗೂ ತೊಡಕಾಗುತ್ತದೆ. ಅದಕ್ಕಾಗಿ ಇಂಗ್ಲಿಷರು ‘ರಾದರ್ ದ್ಯಾನ್’ ಎಂಬುದನ್ನು ಎರವಲು ತರುತ್ತಾರೆ: ‘ಐ ಪ್ರಿಫರ್ ಟು ವಾಕ್ ರಾದರ್ ದ್ಯಾನ್ ಸೈಕಲ್’. ಮೂರನೆಯದು ‘ವುಡ್ ರಾದರ್’. ಇದರ ಮುಂದೆ ‘ಟು’ ಇಲ್ಲದ ಬರಿಯ ಕ್ರಿಯಾಪದವೇ ಬರಬೇಕು. ‘ಐ ವುಡ್ ರಾದರ್ ಟು ವಾಕ್’ ಎಂಬುದು ತಪ್ಪು.

ಇನ್ನೊಂದು ಸೂಕ್ಷ್ಮವುಂಟು. ‘ಐ ಪ್ರಿಫರ್’ ಎಂದರೆ ಯಾವಾಗಲೂ ಇರುವ ಒಲವು. ‘ಐ ವುಡ್ ಪ್ರಿಫರ್’ ಎಂದರೆ ಈ ಸಂದರ್ಭದ ಒಲವು. ದಿನವೂ ಚಹಾ ಕುಡಿಯುವವರು ಮಳೆಗಾಲದ ಒಂದು ಸಂಜೆ ‘ಈಗ ಕಾಫಿಯಾದರೆ ಒಳ್ಳೆಯದು’ ಎನ್ನಬೇಕಾದರೆ ‘ವುಡ್ ಪ್ರಿಫರ್’ ಎನ್ನಬೇಕು. ಇನ್ನೊಬ್ಬರು ಹೀಗೆ ಮಾಡಲಿ ಎಂದು ಹೇಳುವಾಗ ‘ವುಡ್ ರಾದರ್’ ಆದಮೇಲೆ ಕ್ರಿಯಾಪದವು ಭೂತಕಾಲದ ವೇಷ ತೊಡುತ್ತದೆ: ‘ಐ ವುಡ್ ರಾದರ್ ಯೂ ಕೇಮ್ ಟುಮಾರೋ’. ಬರುವುದು ನಾಳೆಯಾದರೂ ರೂಪ ‘ಕೇಮ್’. ನಡೆಯದಿರುವ ಸಂಗತಿಯನ್ನು ಬಯಕೆಯಾಗಿ ಹೇಳುವುದರಿಂದ ಈ ವೇಷ. ‘ನೀವು ನಾಳೆ ಬಂದಿದ್ದರೆ ಚೆನ್ನಾಗಿತ್ತು’ ಎನ್ನುವ ಕನ್ನಡಿಗನಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

‘ನನಗೆ ಇಷ್ಟ’ ಎಂಬಲ್ಲಿ ನಮ್ಮ ‘ನಾನು’ ಕೂಡ ಚತುರ್ಥಿಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಐ’ ಕರ್ತೃವಾಗಿ ನಿಲ್ಲುತ್ತದೆ. ಆದರೆ ಅವರಲ್ಲಿಯೂ ‘ಲೈಕ್’ ಎಂಬ ಕ್ರಿಯಾಪದವು ಒಂದು ಕಾಲಕ್ಕೆ ‘ಹಿಡಿಸು’ ಎಂಬ ಅರ್ಥದಲ್ಲಿದ್ದು, ಹಿಡಿಸಿದ ವ್ಯಕ್ತಿಗೆ ಚತುರ್ಥಿಯೇ ಬರುತ್ತಿತ್ತು. ‘ನನಗೆ ಹಿಡಿಸುತ್ತದೆ’ ಎಂಬ ನಮ್ಮ ನುಡಿಗಟ್ಟು ಅವರ ಪೂರ್ವಜರ ಬಾಯಲ್ಲಿಯೂ ಇದ್ದಿತು.

ಕಾಣದ ತಪ್ಪು

ಇಲ್ಲಿಯವರೆಗೆ ಹೇಳಿದ ತಪ್ಪುಗಳಿಂದ ಅಂಕ ಹೋಗಬಹುದು, ಅರ್ಥ ಹೋಗುವುದಿಲ್ಲ. ‘ಪ್ರಿಫರ್ ಟೀ ದ್ಯಾನ್ ಕಾಫಿ’ ಎಂದರೂ ಕೇಳಿದವರು ಚಹಾವನ್ನೇ ತಂದುಕೊಡುತ್ತಾರೆ. ಇದಕ್ಕಿಂತ ಅಪಾಯಕರವಾದ ಇನ್ನೊಂದು ತಪ್ಪುಂಟು. ಅದಕ್ಕೆ ಯಾವ ಗುರುವೂ ಕೆಂಪು ಗೆರೆ ಎಳೆಯಲಾರರು.

ಕನ್ನಡದ ವಾಕ್ಯದಲ್ಲಿ ಹಿಂದಿನ ಸ್ಥಾನದ ವಸ್ತುವು ಸಾಮಾನ್ಯವಾಗಿ ಮೊದಲು ಬರುತ್ತದೆ: ‘ಹಾವೇರಿಗಿಂತ ಹುಬ್ಬಳ್ಳಿಯ ಕಾಲೇಜು ನನಗೆ ಇಷ್ಟ’. ‘ಪ್ರಿಫರ್’ ಇರುವ ವಾಕ್ಯದಲ್ಲಾದರೋ ಆರಿಸಿಕೊಂಡುದೇ ಮೊದಲು ಬರುತ್ತದೆ. ಕನ್ನಡದಲ್ಲಿ ಯೋಚಿಸಿ ಅದೇ ಸಾಲಿನಲ್ಲಿ ಪದಗಳನ್ನು ಇಳಿಸಿದವನು ‘ಐ ಪ್ರಿಫರ್ ಹಾವೇರಿ ಟು ಹುಬ್ಬಳ್ಳಿ’ ಎಂದು ಬರೆಯುತ್ತಾನೆ. ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲ. ಅರ್ಥ ಮಾತ್ರ ತಲೆಕೆಳಗಾಗಿದೆ. ಅರ್ಜಿಯನ್ನು ಓದುವ ಅಧಿಕಾರಿಗೆ ಸಂದೇಹ ಬರಲು ಕಾರಣವೇ ಇಲ್ಲ. ಬೇಕೆಂದ ಊರು ತಪ್ಪಿ ಬೇಡವೆಂದ ಊರು ದೊರೆತರೆ ದೂರುವುದು ಯಾರನ್ನು?

ಇದಕ್ಕೂ ಕಾರಣವಿದೆ. ಕನ್ನಡದಲ್ಲಿ ಪ್ರತಿಯೊಂದು ಪದವೂ ತನ್ನ ವಿಳಾಸದ ಚೀಟಿಯನ್ನು ಬೆನ್ನಿಗೆ ಅಂಟಿಸಿಕೊಂಡಿರುತ್ತದೆ. ‘ಹುಬ್ಬಳ್ಳಿ ಹಾವೇರಿಗಿಂತ ಇಷ್ಟ’ ಎಂದು ತಿರುಗಿಸಿದರೂ ಅರ್ಥ ಕೆಡುವುದಿಲ್ಲ. ‘ಗಿಂತ’ ಹಾವೇರಿಯನ್ನು ಬಿಟ್ಟುಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಚೀಟಿಗಳು ಕಡಿಮೆ. ಪದವು ಕುಳಿತ ಸ್ಥಳವೇ ಅದರ ಕೆಲಸವನ್ನು ನಿಶ್ಚಯಿಸುತ್ತದೆ. ಆದುದರಿಂದ ‘ಪ್ರಿಫರ್’ ಎಂದು ಬರೆದೊಡನೆ ಒಂದು ಕ್ಷಣ ನಿಂತು, ‘ನನಗೆ ಬೇಕಾದುದು ಯಾವುದು?’ ಎಂದು ಕೇಳಿಕೊಂಡು, ಅದನ್ನೇ ಮೊದಲು ಬರೆಯಬೇಕು.

ಕ್ರಮಾಂಕದ ಮಾತು

ಪದಗಳ ಬದಲು ಅಂಕಿಗಳಿಂದ ಒಲವನ್ನು ಹೇಳಬೇಕಾದ ಸಂದರ್ಭಗಳೂ ಉಂಟು. ಹಾವೇರಿ ಜಿಲ್ಲೆಯ ಪದವೀಧರರು ಧಾರವಾಡ, ಗದಗ, ಉತ್ತರ ಕನ್ನಡ ಜಿಲ್ಲೆಗಳವರೊಡನೆ ಸೇರಿ ವಿಧಾನ ಪರಿಷತ್ತಿನ ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಮತ ಹಾಕುತ್ತಾರೆ. ಅಲ್ಲಿ ನಡೆಯುವುದು ಪ್ರಾಶಸ್ತ್ಯದ ಮತದಾನ. ಮೆಚ್ಚಿದ ಅಭ್ಯರ್ಥಿಯ ಮುಂದೆ 1 ಎಂದೂ, ಬೇಕಾದರೆ ಉಳಿದವರ ಮುಂದೆ 2, 3 ಎಂದೂ ಬರೆಯಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಮತ ದೊರೆಯದಿದ್ದರೆ, ಅತಿ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿಯ ಮುಂದಿನ ಪ್ರಾಶಸ್ತ್ಯದಂತೆ ಮತಗಳನ್ನು ವರ್ಗಾಯಿಸುತ್ತಾರೆ. 1 ಎಂಬ ಅಂಕಿಯಿಲ್ಲದೆ ಬರಿಯ ಸರಿಗುರುತು ಹಾಕಿದ ಮತ ಅಸಿಂಧು. ಮೋಸನ ಶ್ರೇಣಿಯಂತೆ ಇಲ್ಲಿಯೂ ಕ್ರಮವೇ ಸರ್ವಸ್ವ. ಆದರೆ ಮೋಸನಲ್ಲಿ ದೊಡ್ಡ ಅಂಕಿ ಮೇಲು. ಮತಚೀಟಿಯಲ್ಲಿ ಚಿಕ್ಕ ಅಂಕಿ ಮೇಲು.

ವೃತ್ತಿಶಿಕ್ಷಣದ ಪ್ರವೇಶಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಕಾಲೇಜುಗಳ ಪಟ್ಟಿಯನ್ನು ಸಲ್ಲಿಸುವಾಗಲೂ ಇದೇ ನಿಯಮ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ವಿದ್ಯಾರ್ಥಿಯ ರ‍್ಯಾಂಕಿಗೆ ದೊರೆಯಬಲ್ಲ ಮೊದಲನೆಯ ಸೀಟನ್ನೇ ಕೊಡಲಾಗುತ್ತದೆ. ನಿಜವಾಗಿ ಬೇಕಾದುದನ್ನು, ಸಿಗಲಾರದೆಂಬ ಅಳುಕಿನಿಂದ, ಕೆಳಗೆ ಬರೆದವರು ಅದನ್ನು ತಾವಾಗಿಯೇ ಕಳೆದುಕೊಂಡಾರು.

ಸವಣೂರಿನ ಗೋಕಾಕರು

ಇಂಗ್ಲಿಷಿನ ಬೋಧನೆಯ ಮಾತು ಬಂದಾಗ ಈ ಭಾಗದವರೇ ಆದ ಒಬ್ಬರನ್ನು ನೆನೆಯಬೇಕು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಜನಿಸಿದರು. ಧಾರವಾಡದಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಇಂಗ್ಲಿಷ್ ಬೋಧನೆಯನ್ನು ಸುಧಾರಿಸುವುದಕ್ಕಾಗಿ 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. 1980ರಲ್ಲಿ ಕರ್ನಾಟಕ ಸರಕಾರವು ಶಾಲೆಗಳ ಭಾಷಾಕ್ರಮವನ್ನು ಪರಿಶೀಲಿಸಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಆ ಸಮಿತಿ ವರದಿಯಿತ್ತಿತು. ‘ಪ್ರಥಮ’ ಎಂಬುದು ಕ್ರಮವನ್ನು ಹೇಳುವ ಶಬ್ದ. ಕನ್ನಡವನ್ನು ಮುಂದಿಟ್ಟುದರಿಂದ ಇಂಗ್ಲಿಷನ್ನು ತಳ್ಳಿಹಾಕಿದಂತಾಗಲಿಲ್ಲ. ಯಾವುದರ ನೆಲೆಯಿಂದ ಯಾವುದನ್ನು ಕಲಿಯಬೇಕೆಂಬುದು ನಿಶ್ಚಯವಾಯಿತು.

ಅದೇ ನೆಲೆಯಿಂದ ವಾಚಕರು ಕೆಳಗಿನ ನಾಲ್ಕು ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ನಮ್ಮ ಉತ್ತರಗಳೊಡನೆ ಹೋಲಿಸಿ ನೋಡಬಹುದು.

ಹಾನಗಲ್ಲಿನ ರೈತರ ಮಾತು: ‘ಭತ್ತ ಬೆಳೆಯುವುದಕ್ಕಿಂತ ಮಾವು ಬೆಳೆಯುವುದು ನನಗೆ ಇಷ್ಟ.’
ಸವಣೂರಿನ ಎಲೆ ಅಂಗಡಿಯವರ ಮಾತು: ‘ಬೇರೆ ಎಲೆಗಿಂತ ಸವಣೂರಿನ ಎಲೆ ಮೇಲು.’
ಶಿಗ್ಗಾವಿಯ ಪ್ರಯಾಣಿಕರ ಮಾತು: ‘ನಿಂತು ಹೋಗುವುದಕ್ಕಿಂತ ಮುಂದಿನ ಬಸ್ಸಿಗೆ ಕಾಯುವುದೇ ವಾಸಿ.’
ಹಿರೇಕೆರೂರಿನ ಶಿಕ್ಷಕರ ಮಾತು: ‘ಅವರು ನನಗಿಂತ ಸೀನಿಯರ್, ಅವರೇ ಮೊದಲು ಮಾತಾಡಿದರೆ ಚೆನ್ನ.’

ಉತ್ತರಗಳು: ‘ಐ ಪ್ರಿಫರ್ ಗ್ರೋಯಿಂಗ್ ಮ್ಯಾಂಗೋಸ್ ಟು ಗ್ರೋಯಿಂಗ್ ಪ್ಯಾಡಿ.’ ‘ಸವಣೂರ್ ಲೀವ್ಸ್ ಆರ್ ಬೆಟರ್ ದ್ಯಾನ್ ಅದರ್ ಲೀವ್ಸ್.’ ‘ಐ ವುಡ್ ರಾದರ್ ವೇಟ್ ಫಾರ್ ದ ನೆಕ್ಸ್ಟ್ ಬಸ್ ದ್ಯಾನ್ ಸ್ಟ್ಯಾಂಡ್.’ ‘ಹೀ ಈಸ್ ಸೀನಿಯರ್ ಟು ಮೀ, ಐ ವುಡ್ ರಾದರ್ ಹೀ ಸ್ಪೋಕ್ ಫಸ್ಟ್.’

ನಾಲ್ಕು ಮಾತುಗಳಲ್ಲಿಯೂ ಕನ್ನಡದ ‘ಇಂತ’ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಎರಡು ಕಡೆ ‘ಟು’, ಎರಡು ಕಡೆ ‘ದ್ಯಾನ್’. ಯಾವುದು ಎಲ್ಲಿ ಏಕೆ ಬಂದಿತೆಂದು ಹೇಳಬಲ್ಲ ವಿದ್ಯಾರ್ಥಿಯು ಇನ್ನು ಆ ವಾಕ್ಯವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಸಂದರ್ಶನದಲ್ಲಿ ಎದುರಿಗೆ ಕುಳಿತವರು ‘ನಿಮಗೆ ಯಾವುದು ಬೇಕು?’ ಎಂದು ಕೇಳಿದಾಗ, ತನಗೆ ಬೇಕಾದುದನ್ನು ಮೊದಲು ಇಟ್ಟು ಧೈರ್ಯವಾಗಿ ಉತ್ತರ ಹೇಳಬಲ್ಲನು, ಹೇಳಬಲ್ಲಳು.